ಸಂಬಳ, ಕಂಬಳಿ ಮತ್ತು ಒಂದು ಸ್ಟೀರಿಯೋ

ಊರಿನಲ್ಲಿ ಅಡುಗೆಮನೆಯ ಹೆಂಚು ಸೋರುತ್ತಿರುವಾಗ ಮಗ ದೆಹಲಿಯಲ್ಲಿ ಕೂತು ಸ್ಟೀರಿಯೋಕ್ಕೆ ದುಡ್ಡು ಹಾಕುವುದು ಸರಿಯೇ? ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಜಗಳ ಆಡಿ, ಗೆದ್ದೋ ಸೋತೋ ಅಲ್ಲಿಗೆ ಮುಗಿಸಬಹುದಿತ್ತು. ಯಾರೂ ಕೇಳದೆ ಉಳಿದ ಪ್ರಶ್ನೆ ಮಾತ್ರ ಇಪ್ಪತ್ತು ವರ್ಷ ಕಳೆದರೂ ಬೆನ್ನು ಬಿಡುವುದಿಲ್ಲ ನೋಡಿ.

ನಾನು ಪೀತಮ್‌ಪುರಕ್ಕೆ ಬಂದದ್ದು 2003ರ ಜುಲೈನಲ್ಲಿ. ವಾಯವ್ಯ ದೆಹಲಿಯ ಈ ಬಡಾವಣೆ ಗೊತ್ತಿಲ್ಲದವರಿಗೂ ಅಲ್ಲಿನ ಟಿ.ವಿ. ಟವರ್ ಗೊತ್ತಿರುತ್ತದೆ. 1988ರಲ್ಲಿ ಕಟ್ಟಿ ಮುಗಿಸಿದ, 235 ಮೀಟರ್ ಎತ್ತರದ ಕಂಬ. ದಾರಿ ತಪ್ಪಿದಾಗಲೆಲ್ಲ ತಲೆ ಎತ್ತಿ ಅದನ್ನು ನೋಡಿಕೊಂಡು ಮನೆಗೆ ಬರುತ್ತಿದ್ದೆ. ಮನೆ ಅಂದರೆ ಮೂರನೇ ಮಹಡಿಯ ಒಂದು ಕೋಣೆ, ಹತ್ತಡಿ ಹನ್ನೆರಡಡಿ, ಮೇಲೆ ಬಿಸಿಲು ಕುಡಿಯುವ ತಾರಸಿ. ಕೆಲಸ ವಜೀರ್‌ಪುರ ಕೈಗಾರಿಕಾ ಪ್ರದೇಶದ ಒಂದು ಸ್ಟೀಲ್ ಪಾತ್ರೆ ವ್ಯಾಪಾರಿಯ ಹತ್ತಿರ ಲೆಕ್ಕ ಬರೆಯುವುದು. ಸಂಬಳ 9,000 ರೂಪಾಯಿ. ಬಾಡಿಗೆಗೆ 3,200, ಊರಿಗೆ 2,000. ಉಳಿದದ್ದರಲ್ಲಿ ಊಟ, ಬಸ್ಸು, ಚಳಿಗಾಲದ ಸ್ವೆಟರ್ರು. ಇದೆಲ್ಲ ಕಳೆದು ತಿಂಗಳಿಗೆ 500 ರೂಪಾಯಿಯನ್ನು ಒಂದು ಕಂದು ಲಕೋಟೆಗೆ ಹಾಕುತ್ತಿದ್ದೆ. ಲಕೋಟೆಯ ಮೇಲೆ ‘ಹಾಡು’ ಅಂತ ಬರೆದಿದ್ದೆ.

ಹಾಡು ಬಂದದ್ದು ಹೊಳೆನರಸೀಪುರದಿಂದ. ಅಪ್ಪ ನಿವೃತ್ತ ಮೇಷ್ಟ್ರು. ಅವರ ಹತ್ತಿರ ಒಂದು ತಗಡಿನ ಟ್ರಂಕಿನ ತುಂಬ ಕ್ಯಾಸೆಟ್ಟುಗಳಿದ್ದವು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ಟು ಎಂದು ಹೆಸರಾದ, ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 1978ರ ‘ನಿತ್ಯೋತ್ಸವ’. ಅಶ್ವತ್ಥ್ ಹಾಡಿದ ಶಿಶುನಾಳ ಶರೀಫರ ಪದಗಳು. ಭೀಮಸೇನ ಜೋಶಿಯವರ ದಾಸವಾಣಿ. ನಾನು ಹೊರಡುವ ಹಿಂದಿನ ದಿನ ಅಪ್ಪ ಆ ಟ್ರಂಕನ್ನೇ ನನ್ನ ಮುಂದೆ ತಳ್ಳಿ, ‘ನೀನೇ ತಗೊಂಡು ಹೋಗೋ. ನನಗಿನ್ನು ಸಾಕು’ ಅಂದರು. ನಾನು ಅದನ್ನು ವೈರಾಗ್ಯ ಅಂದುಕೊಂಡೆ. ವಯಸ್ಸಾದ ಮೇಲೆ ಮನುಷ್ಯನಿಗೆ ಒಂದೊಂದೇ ಆಸೆ ಬಿಟ್ಟುಹೋಗುತ್ತದೆ ಅಂತ ಕೆ.ಕೆ. ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಕೂತು ತತ್ತ್ವ ಹೊಸೆದಿದ್ದೆ. ಆ ‘ಸಾಕು’ ಏನೆಂದು ತಿಳಿಯಲು ಎರಡೂವರೆ ವರ್ಷ ಬೇಕಾಯಿತು.

ಪಕ್ಕದ ಕೋಣೆಯ ಮಲಯಾಳಿ ಹುಡುಗನೊಬ್ಬ ದುಬೈಗೆ ಹೊರಟಾಗ ತನ್ನ ಹಳೆಯ ಸೆಟ್ಟನ್ನು 2,200 ರೂಪಾಯಿಗೆ ಕೊಟ್ಟು ಹೋದ. ಒಂದು ಕ್ಯಾಸೆಟ್ ಡೆಕ್ಕು, ಪ್ರತಿ ಸ್ಪೀಕರಿಗೆ 15 ವ್ಯಾಟ್ ಕೊಡುವ ಆಂಪ್ಲಿಫೈಯರು, ಮೂಗು ಕಟ್ಟಿದ ಹಾಗೆ ಹಾಡುವ ಎರಡು ಸ್ಪೀಕರು. ಅದು ನನ್ನ ಮನೆಯ ಮೊದಲ ಆಸ್ತಿ. ಸುತ್ತಲೂ ದಿನವಿಡೀ ಪಂಜಾಬಿ, ಹರಿಯಾಣವಿ. ರಾತ್ರಿ ಬಾಗಿಲು ಹಾಕಿ ಒಂದು ಕ್ಯಾಸೆಟ್ಟು ಹಾಕಿದರೆ ನಲವತ್ತೈದು ನಿಮಿಷ ಕನ್ನಡ. ಆದರೆ ಹಾಡಿನ ಮಾತು ಸ್ಪಷ್ಟವಿರಲಿಲ್ಲ. ಕಂಬಳಿ ಹೊದ್ದುಕೊಂಡು ಯಾರೋ ಹಾಡುತ್ತಿರುವ ಹಾಗೆ.

ಸರಿ, ಸುಧಾರಿಸಬೇಕು. ದುಡ್ಡಿದ್ದವನಾದರೆ ಪೂರ್ತಿ ಸೆಟ್ಟನ್ನೇ ಬದಲಾಯಿಸುತ್ತಾನೆ. ಕೊರತೆ ಎಲ್ಲಿತ್ತು ಅನ್ನುವುದು ಅವನಿಗೆ ಕೊನೆಗೂ ತಿಳಿಯುವುದಿಲ್ಲ, ತಿಳಿಯಬೇಕಾದ ಅಗತ್ಯವೂ ಇಲ್ಲ. ತಿಂಗಳಿಗೆ ಐನೂರು ಎತ್ತಿಡುವವನಿಗೆ ಆ ಸುಖವಿಲ್ಲ. ಅವನು ಮೊದಲು ಕೇಳಿಕೊಳ್ಳಬೇಕು: ಕೆಟ್ಟಿರುವುದು ಯಾವುದು? ಟೇಪೋ, ಡೆಕ್ಕೋ, ಆಂಪ್ಲಿಫೈಯರೋ, ಸ್ಪೀಕರೋ, ಕೋಣೆಯೋ? ಇವು ಸರಪಣಿಯ ಕೊಂಡಿಗಳು. ಸವೆದ ಕೊಂಡಿಯನ್ನು ಹಾಗೇ ಬಿಟ್ಟು ಗಟ್ಟಿ ಕೊಂಡಿಯನ್ನು ಇನ್ನಷ್ಟು ಗಟ್ಟಿ ಮಾಡಿದರೆ ಲಾಭವಿಲ್ಲ.

ಈ ವಿಷಯದಲ್ಲಿ ನನಗೆ ಗುರುವಾಗಿ ಸಿಕ್ಕವನು ಧಾರವಾಡದ ಗೆಳೆಯ. ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದಲ್ಲಿ ಒಂದು ರಾಜ್ಯೋತ್ಸವದ ದಿನ ಪರಿಚಯ. ಎಲೆಕ್ಟ್ರಾನಿಕ್ಸ್ ಓದಿದವನು. ನನ್ನ ಕೋಣೆಗೆ ಬಂದು, ಮಧ್ಯದಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿದ. ಬರೀ ಗೋಡೆ, ಮೊಸಾಯಿಕ್ ನೆಲ. ಚಪ್ಪಾಳೆ ಠಣ್ ಅಂತ ಗುಂಯ್ಗುಟ್ಟಿತು. ‘ಮೊದ್ಲ ಇದನ್ನ ರಿಪೇರಿ ಮಾಡಪಾ’ ಅಂದ. ಅಮ್ಮ ಕೊಟ್ಟಿದ್ದ ಜಮಖಾನವನ್ನು ನೆಲಕ್ಕೆ ಹಾಸಿದೆವು, ರಜಾಯಿಯನ್ನು ಎದುರು ಗೋಡೆಗೆ ನೇತುಹಾಕಿದೆವು. ಮೂಲೆಗೆ ಒತ್ತಿ ಇಟ್ಟಿದ್ದ ಸ್ಪೀಕರುಗಳನ್ನು ಒಂದೂವರೆ ಅಡಿ ಮುಂದೆ ಎಳೆದು, ಇಟ್ಟಿಗೆಗಳ ಮೇಲೆ ಕೂತವನ ಕಿವಿಯ ಮಟ್ಟಕ್ಕೆ ಏರಿಸಿದೆವು. ಎರಡು ಸ್ಪೀಕರಿನ ನಡುವೆ ಎಷ್ಟು ದೂರವೋ, ಕೇಳುವವನಿಗೂ ಒಂದೊಂದಕ್ಕೂ ಅಷ್ಟೇ ದೂರ. ಖರ್ಚು ಸೊನ್ನೆ. ಮೂಲೆಯಲ್ಲಿ ಗುಡುಗುತ್ತಿದ್ದ ತಬಲಾ ತಬಲಾದ ಹಾಗೆ ಕೇಳಿಸಿತು. ಆಮೇಲೆ ನಾನು ಕೊಟ್ಟ ಯಾವ ದುಡ್ಡೂ ಇಷ್ಟು ಕೆಲಸ ಮಾಡಲಿಲ್ಲ.

2005ರ ಜುಲೈನಲ್ಲಿ ಕಶ್ಮೀರಿ ಗೇಟ್‌ನಿಂದ ಚಾಂದನಿ ಚೌಕದ ಕಡೆ ಮೆಟ್ರೋ ಓಡತೊಡಗಿತು. ನಮ್ಮ ಪೀತಮ್‌ಪುರದ ನಿಲ್ದಾಣ ಅದಕ್ಕೂ ಮುಂಚೆ, 2004ರ ಮಾರ್ಚಿನಲ್ಲೇ ತೆರೆದಿತ್ತು. ಹೀಗಾಗಿ ಕೆಂಪುಕೋಟೆಯ ಎದುರಿನ ಲಾಜಪತ್ ರಾಯ್ ಮಾರ್ಕೆಟ್ಟು ಒಂದೇ ಕಡೆ ಗಾಡಿ ಬದಲಾಯಿಸಿದರೆ ಸಿಗುವಷ್ಟು ಹತ್ತಿರವಾಯಿತು. ಒಂದು ಶನಿವಾರ ಡೆಕ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದೆ. ಮಂಚದಷ್ಟು ಅಗಲದ ಒಂದು ಅಂಗಡಿಯಲ್ಲಿ ಒಬ್ಬ ಮುದುಕ ಮೆಕ್ಯಾನಿಕ್ಕು. ನಾನು ‘ಶಬ್ದ ಇನ್ನೂ ಜೋರಾಗಿ ಬರುವ ಹಾಗೆ ಮಾಡಿಕೊಡಿ’ ಅಂದೆ. ಆತ ಹತ್ತಿಗೆ ಸ್ಪಿರಿಟ್ ಅದ್ದಿ ಟೇಪಿನ ಹೆಡ್ಡು ಒರೆಸಿದ. ಹೆಡ್ಡಿನ ಪಕ್ಕದ ಪುಟ್ಟ ಸ್ಕ್ರೂವನ್ನು, ನನ್ನದೇ ಕ್ಯಾಸೆಟ್ಟು ಓಡುತ್ತಿರುವಾಗಲೇ, ಕೂದಲೆಳೆಯಷ್ಟು ತಿರುಗಿಸಿದ. ಕಂಬಳಿ ಸರಿದುಹೋಯಿತು! ಹೆಡ್ಡು ಟೇಪಿಗೆ ನೆಟ್ಟಗೆ ನಿಲ್ಲದೆ ಒಂದಿಷ್ಟು ವಾಲಿದ್ದರೆ ಮೊದಲು ಕಳೆದುಹೋಗುವುದು ಮೇಲಿನ ಸಣ್ಣ ಕಂಪನಗಳು. ಸ, ಶ, ಚ, ತ ಇಂಥ ಅಕ್ಷರಗಳ ಅಂಚು ಇರುವುದೇ ಅಲ್ಲಿ. ‘ಆವಾಜ್ ಬಢಾನೇ ಸೇ ಬಾತ್ ಸಾಫ್ ನಹೀ ಹೋತೀ, ಬೇಟಾ’ ಅಂದ ಮುದುಕ. ಸದ್ದು ಹೆಚ್ಚಿಸಿದರೆ ಮಾತು ಶುದ್ಧವಾಗುವುದಿಲ್ಲ ಮಗು ಅಂತ. ಅರವತ್ತು ರೂಪಾಯಿ ತೆಗೆದುಕೊಂಡ.

ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಮುಂದಿನ ತಿಂಗಳು 3,500 ಕೊಟ್ಟು ಹಳೆಯ, ಒಳ್ಳೆಯ ಸ್ಪೀಕರುಗಳನ್ನು ತಂದೆ. ಅದು ನ್ಯಾಯವಾದ ಖರ್ಚು. ನನ್ನ ಸರಪಣಿಯ ಸವೆದ ಕೊಂಡಿ ಅದೇ ಆಗಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಲಕೋಟೆಯಲ್ಲಿ ಇನ್ನೂ ದುಡ್ಡಿತ್ತು. ಅಕ್ಟೋಬರಿನಲ್ಲಿ 5,500 ರೂಪಾಯಿ ಕೊಟ್ಟು 60 ವ್ಯಾಟಿನ ಆಂಪ್ಲಿಫೈಯರ್ ತಂದೆ.

ವ್ಯಾಟಿನ ಮೋಸ ಆ ಕಾಲದವರಿಗೆ ನೆನಪಿರಬೇಕು. ಅಂಗೈಯಗಲದ ಸ್ಪೀಕರಿನ ಪೆಟ್ಟಿಗೆಗೆ ‘2000 ವ್ಯಾಟ್ ಪಿ.ಎಂ.ಪಿ.ಒ.’ ಅಂತ ಚೀಟಿ ಅಂಟಿಸುತ್ತಿದ್ದರು. ಕಣ್ಣು ಮಿಟುಕಿಸುವಷ್ಟು ಹೊತ್ತು ಬರಬಹುದಾದ ಶಕ್ತಿಯನ್ನು ಎಳೆದಾಡಿ ಬರೆದ ಸಂಖ್ಯೆ ಅದು. ಬಿಡದೆ ಕೊಡುವ ಆರ್.ಎಂ.ಎಸ್. ಶಕ್ತಿ ನೋಡಿದರೆ ಹತ್ತೋ ಇಪ್ಪತ್ತೋ. ನನ್ನದು ಅಂಥ ಸುಳ್ಳಲ್ಲ, ನಿಜವಾದ ಅರವತ್ತೇ. ಆದರೂ ಲೆಕ್ಕ ನೋಡಿ: ಶಕ್ತಿ ಎರಡು ಪಟ್ಟಾದರೆ ಸದ್ದು ಏರುವುದು ಮೂರೇ ಡೆಸಿಬೆಲ್. ಕಿವಿಗೆ ‘ಎರಡರಷ್ಟು ಜೋರು’ ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಹತ್ತಡಿ ಹನ್ನೆರಡಡಿಯ ಕೋಣೆಯಲ್ಲಿ ರಾತ್ರಿ ಮೆಲ್ಲಗೆ ಹಾಡು ಕೇಳುವವನಿಗೆ ಒಂದೆರಡು ವ್ಯಾಟೇ ಧಾರಾಳ. ಲೆಕ್ಕ ಬರೆದೇ ಹೊಟ್ಟೆ ಹೊರೆಯುವ ನನಗೆ ಈ ಲೆಕ್ಕ ಗೊತ್ತಿರಲಿಲ್ಲ ಅಂತಲ್ಲ.

ಗೆಳೆಯ ಬಂದ. ನಾನು ಹೊಸ ಯಂತ್ರದ ಗುಣಗಾನ ಮಾಡಿದೆ. ತಂಬೂರಿ ಈಗ ಹೆಚ್ಚು ತುಂಬಿಕೊಂಡಿದೆ, ಉಸಿರು ಎಳೆಯುವುದೂ ಕೇಳುತ್ತದೆ ಅಂತ. ಅವನು ನಕ್ಕು, ‘ಕಿವಿಗೆ ಕೇಳ್ತೈತೋ, ಕಿಸೇಕ ಕೇಳ್ತೈತೋ?’ ಅಂದ. ಎರಡೂ ಆಂಪ್ಲಿಫೈಯರಿನ ಮೇಲೆ ಒಂದು ಪಂಚೆ ಹೊದಿಸಿ, ಸದ್ದನ್ನು ಸಮ ಮಾಡಿ, ನನ್ನನ್ನು ಗೋಡೆ ಕಡೆ ತಿರುಗಿ ಕೂರಲು ಹೇಳಿದ. ಹತ್ತು ಸಲ ಬದಲಿಸಿದ. ನಾನು ಸರಿ ಹೇಳಿದ್ದು ಐದು ಸಲ. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. ಇದು ಸುಳ್ಳು ಹೇಳಿದ್ದಲ್ಲ. ನನಗೆ ನಿಜಕ್ಕೂ ವ್ಯತ್ಯಾಸ ಕೇಳಿಸಿತ್ತು. ಕೊಟ್ಟ ದುಡ್ಡು ಕಿವಿಯೊಳಗೆ ಕೂತು ಹಾಡುತ್ತಿತ್ತು ಅಷ್ಟೆ.

ಅವತ್ತು ಭೀಮಸೇನರ ಮಾತು ಬಂತು. 1922ರಲ್ಲಿ ಗದಗ ಸೀಮೆಯಲ್ಲಿ ಹುಟ್ಟಿದ ಹುಡುಗ. ಅಬ್ದುಲ್ ಕರೀಮ್ ಖಾನರ ಝಿಂಝೋಟಿ ಠುಮರಿಯ ತಟ್ಟೆ ಕೇಳಿ ಹುಚ್ಚು ಹಿಡಿಸಿಕೊಂಡು, 1933ರಲ್ಲಿ, ಹನ್ನೊಂದನೇ ವಯಸ್ಸಿಗೆ, ಗುರುವನ್ನು ಹುಡುಕಿ ಮನೆ ಬಿಟ್ಟು ಉತ್ತರಕ್ಕೆ ಓಡಿದರು. ಮೇಷ್ಟ್ರಾಗಿದ್ದ ತಂದೆ ಕೊನೆಗೆ ಜಲಂಧರದಲ್ಲಿ ಪತ್ತೆ ಹಚ್ಚಿದರಂತೆ. ಆ ಕಾಲದ 78 ಸುತ್ತಿನ ತಟ್ಟೆಯಲ್ಲಿ ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷದ ಸಂಗೀತ, ಅದರ ಮೇಲೆ ಚರಚರ ಸದ್ದು. ನನ್ನ ಹಳೆಯ ಡೆಕ್ಕಿನ ಮುಂದೆ ಅದು ಏನೇನೂ ಅಲ್ಲ. ಅಷ್ಟರಲ್ಲೇ ಒಬ್ಬ ಹುಡುಗನಿಗೆ ಕೇಳಬೇಕಾದದ್ದೆಲ್ಲ ಕೇಳಿಸಿತು. ಹಾಗಂತ ಕೆಟ್ಟ ಯಂತ್ರವೇ ಒಳ್ಳೆಯದು ಅಂತ ನಾನು ವಾದ ಮಾಡುವುದಿಲ್ಲ. ಬಡತನಕ್ಕೆ ಹಾರ ಹಾಕುವವರನ್ನು ಕಂಡರೆ ನನಗಾಗದು. ಯಂತ್ರಕ್ಕೊಂದು ಪಾಲಿದೆ, ಕೇಳುವವನಿಗೊಂದು ಪಾಲಿದೆ, ನಾನು ನನ್ನ ಪಾಲನ್ನೂ ಯಂತ್ರದ ತಲೆಗೆ ಕಟ್ಟುತ್ತಿದ್ದೆ. ಇಷ್ಟು ಮಾತ್ರ ಆ ಹೊತ್ತಿಗೆ ಹೊಳೆಯಿತು.

ಈ ನಡುವೆ ಪ್ರತಿ ಭಾನುವಾರ ಊರಿಗೆ ಫೋನು. ಅಪ್ಪ ಎತ್ತಿದರೆ ಎರಡು ‘ಹೂಂ’, ಒಂದು ‘ಸರಿ’, ‘ತಗೋ, ಅಮ್ಮನಿಗೆ ಕೊಡ್ತೀನಿ’. ನಾನು ದೆಹಲಿಗೆ ಬಂದದ್ದು ಅವರಿಗೆ ಬೇಸರ ಅಂದುಕೊಂಡಿದ್ದೆ. ಒಮ್ಮೆ ‘ಅಪ್ಪಾ, ಸಂಬಳ ಬಂತು’ ಅಂದೆ. ‘ಕಂಬಳಿ ತಂದ್ಯಾ? ಒಳ್ಳೇದಾಯ್ತು, ಅಲ್ಲಿ ಚಳಿ ಜಾಸ್ತಿ’ ಅಂದರು. ನಾನೂ ಅಮ್ಮನೂ ನಕ್ಕೆವು. ಆ ನಗುವಿನಲ್ಲಿ ಅಮ್ಮನದು ಒಂದು ಕ್ಷಣ ತಡವಾಗಿತ್ತು ಅನ್ನುವುದು ಈಗ ನೆನಪಾಗುತ್ತದೆ.

2005ರ ಡಿಸೆಂಬರಿನಲ್ಲಿ ಊರಿಗೆ ಹೋದೆ. ಅಪ್ಪ ಜಗಲಿಯ ಮೇಲೆ ಪೇಪರ್ ಹಿಡಿದು ಕೂತಿದ್ದರು. ಒಳಗೆ ಕುಕ್ಕರ್ ಮೂರು ಸಲ ಕೂಗಿತು, ಅಮ್ಮ ಹಿತ್ತಿಲಲ್ಲಿದ್ದರು. ‘ಅಪ್ಪಾ, ಕುಕ್ಕರ್ ಆರಿಸ್ಲಾ?’ ಅಂತ ಬೆನ್ನ ಹಿಂದೆ ನಿಂತು ಕೇಳಿದೆ. ತಿರುಗಲಿಲ್ಲ. ಬೀದಿಯಲ್ಲಿ ಬಸ್ಸು ಹೋದಾಗ ಮಾತ್ರ ತಲೆ ಎತ್ತಿದರು. ನಾನು ಅಲ್ಲೇ ನಿಂತುಬಿಟ್ಟೆ. ದಪ್ಪ ಸದ್ದು ಕೇಳುತ್ತದೆ, ಸಣ್ಣ ಸದ್ದು ಇಲ್ಲ. ಈ ರೋಗ ನನಗೆ ಗೊತ್ತಿತ್ತು. ನನ್ನ ಡೆಕ್ಕಿಗೆ ಬಂದದ್ದೂ ಇದೇ.

ಅಮ್ಮನನ್ನು ಕೇಳಿದೆ. ‘ಮೂರು ವರ್ಷದ ಮೇಲಾಯ್ತು ಕಣಪ್ಪ. ಹೇಳಬೇಡ ಅಂದ್ರು. ಅವನು ಅಲ್ಲಿ ಒಬ್ಬನೇ ಇದಾನೆ, ಅವನ ತಲೆಗೆ ಯಾಕೆ ಹುಳ ಬಿಡ್ತೀಯ ಅಂತ. ಕ್ಯಾಸೆಟ್ ಹಾಕಿದ್ರೆ ಬರೀ ಗುಂಯ್ ಅನ್ನುತ್ತೆ, ಪದ ತಿಳಿಯಲ್ಲ ಅಂತಿದ್ರು. ಅದಕ್ಕೇ ನಿನಗೆ ಕೊಟ್ಟಿದ್ದು.’

ಅಪ್ಪನನ್ನು ಪ್ಯಾಸೆಂಜರ್ ಗಾಡಿಯಲ್ಲಿ ಮೈಸೂರಿಗೆ ಕರೆದುಕೊಂಡು ಹೋದೆ. ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ. ದೂರದೂರದಿಂದ ಜನ ಬರುತ್ತಾರೆ. ಸದ್ದು ಹೊಕ್ಕದ ಗೂಡಿನಲ್ಲಿ ಕೂರಿಸಿ, ಒಂದೊಂದೇ ಸ್ವರ ಕೇಳಿಸಿ, ಗೆರೆ ಎಳೆದರು. ಕೆಳಸ್ವರಗಳ ಕಡೆ ಗೆರೆ ಸುಮಾರಾಗಿತ್ತು. ಮೇಲಕ್ಕೆ ಹೋದಂತೆ ಇಳಿಜಾರು. ವಯಸ್ಸಿನ ಕಿವುಡು ಸಾಮಾನ್ಯವಾಗಿ ಹೀಗೇ ಬರುತ್ತದಂತೆ. ಅ, ಆ, ಓ ಇವೆಲ್ಲ ಕೆಳಗಿನ ಕಂಪನಗಳು, ಕೇಳುತ್ತವೆ. ‘ಸ’ಕಾರದ ಬಲವೆಲ್ಲ ಇರುವುದು ಸೆಕೆಂಡಿಗೆ ನಾಲ್ಕು ಸಾವಿರ ಕಂಪನ ದಾಟಿದ ಮೇಲೆ. ಅದು ಹೋಗುತ್ತದೆ. ಆದ್ದರಿಂದ ಮನುಷ್ಯನಿಗೆ ‘ಯಾರೋ ಮಾತಾಡ್ತಿದಾರೆ’ ಅಂತ ತಿಳಿಯುತ್ತದೆ, ಏನು ಮಾತು ಅಂತ ತಿಳಿಯುವುದಿಲ್ಲ. ಇನ್ನು ಆಗಿನ ಟೆಲಿಫೋನ್ ತಂತಿಯೋ, 300ರಿಂದ 3,400 ಕಂಪನದವರೆಗೆ ಮಾತ್ರ ಸಾಗಿಸುತ್ತಿತ್ತು. ನನ್ನ ‘ಸಂಬಳ’ದ ‘ಸ’ ದೆಹಲಿ ಬಿಡುವಾಗಲೇ ಅರ್ಧ ಸತ್ತಿತ್ತು. ಉಳಿದರ್ಧ ಅಪ್ಪನ ಕಿವಿಯಲ್ಲಿ ಸತ್ತಿತು. ಉಳಿದದ್ದನ್ನು ಅವರು ತಮಗೆ ತಿಳಿದ ಹಾಗೆ ತುಂಬಿಕೊಂಡರು. ನನಗೆ ಚಳಿಯಾಗುತ್ತಿರಬಹುದು ಅನ್ನುವುದೇ ಅವರಿಗೆ ತಿಳಿದಿದ್ದ ಸಂಗತಿ.

ಕೂಗಿ ಮಾತಾಡಬೇಡಿ ಅಂದರು ಅಲ್ಲಿನ ಹುಡುಗಿ. ಕೂಗಿದರೆ ಜೋರಾಗುವುದು ಕೇಳುತ್ತಿರುವ ಸ್ವರಗಳೇ, ಕೇಳದ ವ್ಯಂಜನಗಳಲ್ಲ. ಮುಖವೂ ಸೊಟ್ಟಗಾಗಿ ತುಟಿ ಓದಲಾಗುವುದಿಲ್ಲ. ಎದುರು ಕೂತು, ಟಿ.ವಿ. ಆರಿಸಿ, ನಿಧಾನವಾಗಿ ಮಾತಾಡಿ. ಲಾಜಪತ್ ರಾಯ್ ಮಾರ್ಕೆಟ್ಟಿನ ಮುದುಕ ಕಣ್ಣ ಮುಂದೆ ಬಂದ.

ಅವರು ಬರೆದುಕೊಟ್ಟ ಯಂತ್ರಕ್ಕೆ 11,500 ರೂಪಾಯಿ. ನನ್ನ ಲಕೋಟೆಯಲ್ಲಿ ಆರು ಸಾವಿರಕ್ಕೆ ಸ್ವಲ್ಪ ಕಡಿಮೆ ಇತ್ತು. ದೆಹಲಿಗೆ ಹೋದವನೇ ಆಂಪ್ಲಿಫೈಯರನ್ನು ಹೊತ್ತುಕೊಂಡು ಹೋಗಿ ಮಾರಿದೆ, 3,800 ಸಿಕ್ಕಿತು. ಉಳಿದದ್ದನ್ನು ಧಾರವಾಡದ ಗೆಳೆಯ ಕೊಟ್ಟ. ಹಳೆಯ ಹದಿನೈದು ವ್ಯಾಟಿನದ್ದು ಮತ್ತೆ ಅದೇ ಜಾಗಕ್ಕೆ ಬಂತು. ಏನೂ ಕಡಿಮೆಯಾದ ಹಾಗೆ ಅನ್ನಿಸಲಿಲ್ಲ.

ಇಲ್ಲಿಗೆ ಕತೆ ಮುಗಿಸಿದರೆ ತ್ಯಾಗದ ಕತೆಯಾಗುತ್ತದೆ. ಅದು ಸುಳ್ಳು. ಮೈಸೂರಿನ ಚಿಕ್ಕಪ್ಪ ಕೊಡಿಸಿದ ಆ ಯಂತ್ರವನ್ನು ಅಪ್ಪ ಒಂದು ವಾರ ಹಾಕಿಕೊಂಡು ಮೇಜಿನ ಡ್ರಾಯರಿಗೆ ಸೇರಿಸಿದರು. ‘ತಟ್ಟೆ ಲೋಟದ ಸದ್ದು ತಲೆ ಮೇಲೆ ಬಡಿದ ಹಾಗಾಗುತ್ತೆ. ಫೋನು ಹತ್ತಿರ ತಂದ್ರೆ ಕುಯ್ ಅನ್ನುತ್ತೆ. ನಿನ್ನ ದುಡ್ಡು ದಂಡ’ ಅಂತ ಅಮ್ಮನ ಕೈಲಿ ಹೇಳಿಸಿದರು. ನನಗೆ ಸಿಟ್ಟು ಬಂತು. ದುಡ್ಡು ಕಳಿಸಿದ್ದೇನೆ, ಇನ್ನೇನು ಮಾಡಲಿ ಅಂತ. ಒಂದು ರಾತ್ರಿ ಮಲಗಿದ ಮೇಲೆ ತಿಳಿಯಿತು, ನಾನು ಮತ್ತೆ ಅದೇ ಮಾಡಿದ್ದೆ. ವ್ಯಾಟ್ ಕಳಿಸಿದ್ದೆ. ಸ್ಕ್ರೂ ತಿರುಗಿಸುವವರು ಯಾರೂ ಇರಲಿಲ್ಲ. ಕಿವಿಯ ಯಂತ್ರ ಅಂಗಡಿಯಿಂದ ತಂದ ದಿನವೇ ಹೊಂದುವುದಿಲ್ಲ. ಎರಡು ಮೂರು ಸಲ ಹೋಗಿ, ಆ ಗೆರೆಗೆ ತಕ್ಕಂತೆ ಸರಿಪಡಿಸಿಕೊಳ್ಳಬೇಕು; ಮೊದಲು ದಿನಕ್ಕೆ ಒಂದು ಗಂಟೆ, ನಿಶ್ಶಬ್ದವಾದ ಕೋಣೆಯಲ್ಲಿ, ಆಮೇಲೆ ಎರಡು ಗಂಟೆ. ಮರೆತ ಸದ್ದುಗಳನ್ನು ಮಿದುಳು ಮತ್ತೆ ಕಲಿಯಬೇಕು. ಏಪ್ರಿಲ್‌ನಲ್ಲಿ ಹತ್ತು ದಿನ ರಜೆ ಹಾಕಿ ಹೋದೆ. ಎರಡು ಸಲ ಮೈಸೂರಿಗೆ ಓಡಾಡಿದೆವು. ಉಳಿದ ದಿನ ಜಗಲಿಯಲ್ಲಿ ಎದುರು ಬದುರು ಕೂತು ಮಾತಾಡಿದೆವು. ಫೋನಿನ ರಿಸೀವರನ್ನು ಕಿವಿಯ ತೂತಿಗಲ್ಲ, ಕಿವಿಯ ಮೇಲೆ ಕೂತ ಯಂತ್ರದ ಮೈಕಿನ ಹತ್ತಿರ ಹಿಡಿಯಬೇಕು ಅಂತ ಪಕ್ಕದ ಮನೆಯಿಂದ ಫೋನು ಮಾಡಿ ಮಾಡಿ ಅಭ್ಯಾಸ ಮಾಡಿಸಿದೆ.

ಈಗ ಮೊದಲಿನ ಪ್ರಶ್ನೆ. ಸ್ಟೀರಿಯೋಕ್ಕೆ ದುಡ್ಡು ಹಾಕಿದ್ದು ತಪ್ಪೇ? ಬಹಳ ದಿನ ತಪ್ಪು ಅಂತಲೇ ಅಂದುಕೊಂಡಿದ್ದೆ. ಈಗ ಹಾಗೆ ಹೇಳಲಾರೆ. ಪರವೂರಿನ ಕೋಣೆಯಲ್ಲಿ ದಿನಕ್ಕೆ ನಲವತ್ತೈದು ನಿಮಿಷ ಕನ್ನಡ ಕೇಳದೆ ನಾನು ಮನುಷ್ಯನಾಗಿ ಉಳಿಯುತ್ತಿದ್ದೆನೋ ಇಲ್ಲವೋ. ಊರಿನಲ್ಲಿ ಕೊರತೆ ಇದೆ ಅಂತ ಪ್ರತಿ ಸಣ್ಣ ಸುಖವನ್ನೂ ತಪ್ಪು ಅಂದರೆ, ಹೊರಗೆ ದುಡಿಯಲು ಹೋದವರು ಯಾರೂ ಒಂದು ಲೋಟ ಕಬ್ಬಿನ ಹಾಲನ್ನೂ ಕುಡಿಯುವ ಹಾಗಿಲ್ಲ. ಜಮಖಾನ ಹಾಸಿದ್ದು, ಸ್ಕ್ರೂ ತಿರುಗಿಸಿದ್ದು, ಸ್ಪೀಕರ್ ತಂದದ್ದು ಇವಕ್ಕೆ ನಾನು ನಾಚುವುದಿಲ್ಲ. ಆಂಪ್ಲಿಫೈಯರಿಗೂ ನಾಚುವುದು ದುಡ್ಡಿಗಾಗಿ ಅಲ್ಲ. ಟೇಪಿನಲ್ಲಿ ಒಂದು ‘ಸ’ಕಾರ ಮಂಕಾದರೆ ಲಾಜಪತ್ ರಾಯ್ ಮಾರ್ಕೆಟ್ಟಿನವರೆಗೆ ಹೊತ್ತೊಯ್ಯುತ್ತಿದ್ದವನು, ಪ್ರತಿ ಭಾನುವಾರ ಅಪ್ಪನ ‘ಹೂಂ’ ಕೇಳಿಯೂ ಅಲ್ಲೇನೋ ಕೆಟ್ಟಿದೆ ಅಂತ ಅನುಮಾನ ಪಡಲಿಲ್ಲ. ಬೇಸರ ಅಂದುಕೊಂಡೆ, ವೈರಾಗ್ಯ ಅಂದುಕೊಂಡೆ, ತಮಾಷೆ ಅಂದುಕೊಂಡೆ. ದೂರದಲ್ಲಿ ಇರುವವನಿಗೆ ಇದು ಸುಲಭ. ಮನೆಯವರ ಮೌನಕ್ಕೆ ತನಗೆ ಅನುಕೂಲವಾದ ಅರ್ಥ ಹಚ್ಚಿಕೊಂಡು, ತಿಂಗಳಿಗೆ ಸರಿಯಾಗಿ ಮನಿಯಾರ್ಡರ್ ಮಾಡಿಬಿಡಬಹುದು.

ಅಪ್ಪ 2014ರಲ್ಲಿ ತೀರಿಕೊಂಡರು. ಅಲ್ಲಿಯವರೆಗೂ ಭಾನುವಾರದ ಫೋನು ನಡೆಯಿತು. ಎಲ್ಲ ಪದವೂ ತಿಳಿಯುತ್ತಿತ್ತು ಅಂತಲ್ಲ; ತಿಳಿಯದಿದ್ದರೆ ‘ಇನ್ನೊಂದ್ಸಲ ಹೇಳೋ’ ಅನ್ನುತ್ತಿದ್ದರು. ಅದೇ ದೊಡ್ಡ ಬದಲಾವಣೆ. ಊರಿನ ಮನೆಗೆ ಒಂದು ಟೇಪ್ ರೆಕಾರ್ಡರ್ ಕೊಡಿಸಿ, ಟ್ರಂಕಿನಲ್ಲಿದ್ದ ಅರ್ಧ ಕ್ಯಾಸೆಟ್ಟುಗಳನ್ನು ವಾಪಸು ಒಯ್ದು ಕೊಟ್ಟೆ. ಉಳಿದರ್ಧ ಇನ್ನೂ ಪೀತಮ್‌ಪುರದಲ್ಲೇ ಇವೆ, ಆ ಸ್ಪೀಕರುಗಳೂ.

2006ರ ಮೇ ತಿಂಗಳ ಒಂದು ಭಾನುವಾರ. ದೆಹಲಿಯ ಬಿಸಿಲು. ತಾರಸಿಯ ಕೆಳಗಿನ ಕೋಣೆಯಲ್ಲಿ ಫ್ಯಾನು ಕಟಕಟ ಅನ್ನುತ್ತಿತ್ತು. ನಾನು ಏನೋ ಹೇಳುತ್ತಿದ್ದೆ. ಅಪ್ಪ ನಡುವೆ ತಡೆದು ಕೇಳಿದರು: ‘ಅದೇನೋ ಅದು, ನಿನ್ನ ಹತ್ತಿರ ಟಕ್ ಟಕ್ ಅಂತಿದೆಯಲ್ಲ? ಫ್ಯಾನಾ? ಎಣ್ಣೆ ಬಿಡಿಸೋ ಅದಕ್ಕೆ.’

ಸಂಜೆಯೇ ಎಣ್ಣೆ ಬಿಡಿಸಿದೆ.